ಕಾಗೆ ಮುಟ್ಟದ ವೈನು

ನಾನಿರೋ ಕಡೆ ಏನಾದರೊಂದು ಆಗುತ್ತಲೇ ಇರುತ್ತದೆ. ಆಗದೇ ಇದ್ದರೆ ನಾನೇ ಮಾಡುತ್ತೇನೆ. ಮದುವೆ ಮನೆಯಲ್ಲಿ ನಗೋದು ಯಾರ ಕೈಲಾದರೂ ಆಗುತ್ತೆ, ಊಟ ಚೆನ್ನಾಗಿದ್ದರೆ ಸಾಕು. ನನ್ನ ಗ್ರಹಚಾರ ನೋಡಿ, ನಗು ಬರುವಂಥದ್ದೆಲ್ಲ ನನ್ನ ಕಣ್ಣೆದುರು ಆಸ್ಪತ್ರೆ ಬಾಗಿಲಲ್ಲಿ, ಹೆಣದ ಮುಂದೆ, ತಿಥಿ ಎಲೆಯ ಪಕ್ಕದಲ್ಲೇ ಆಗುತ್ತದೆ. ಇಲ್ಲಿ ಬರೆದಿರೋದೆಲ್ಲ ನಡೆದದ್ದೇ. ನಡೆಯದೇ ಇರೋದನ್ನು ಒಂದೆರಡು ಕಡೆ ಸೇರಿಸಿದ್ದೇನೆ. ಯಾವುದು ಅಂತ ಈಗ ನನಗೂ ಜ್ಞಾಪಕ ಇಲ್ಲ.

1. ವಾಸನೆ

ಮಧುಗಿರಿ ಬಿಟ್ಟು ದೊಡ್ಡೇರಿ ಕಡೆ ಬಂದರೆ ಗರಸು ಮಣ್ಣಿನ ಒಂದು ಇಳಿಜಾರಿನಲ್ಲಿ ನಮ್ಮ ಯಜಮಾನರ ದ್ರಾಕ್ಷಿ ತೋಟ. ತೋಟದ ತಲೆಯ ಮೇಲೆ ಶೀಟು ಹೊದಿಸಿದ ಉದ್ದನೆಯ ಷೆಡ್ಡು. ಅದೇ ವೈನ್ ಫ್ಯಾಕ್ಟರಿ. ಒಳಗೆ ಸ್ಟೀಲ್ ಟ್ಯಾಂಕುಗಳು, ಗೋಡೆಗೆ ಒರಗಿಸಿದ ಮರದ ಪೀಪಾಯಿಗಳು. ನಾನು ಅಲ್ಲಿ ವ್ಯಾನ್ ಡ್ರೈವರ್. ಭಾನುವಾರ ಬೆಂಗಳೂರಿನಿಂದ ಜನ ನೋಡೋಕೆ ಬಂದರೆ ಗೈಡು.

ನಮ್ಮಲ್ಲಿ ಮಾಡೋದು ಒಂದೇ ವೈನು. ಕೆಂಪು, ಎರಡು ದ್ರಾಕ್ಷಿ ಬೆರೆಸಿದ್ದು. ಒಂದು ನಮ್ಮ ತೋಟದ ಕ್ಯಾಬರ್ನೆ. ಇನ್ನೊಂದು ಶಿರಾಜ್, ಅದು ಪಾವಗಡದ ಕಡೆಯಿಂದ ಬರಬೇಕು. ನಮ್ಮ ಕ್ಯಾಬರ್ನೆ ಒಂದನ್ನೇ ಕುಡಿದರೆ ಬಾಯೆಲ್ಲ ಒಗರು, ನೆಂಟರ ಮನೇಲಿ ಬೈಸಿಕೊಂಡು ಬಂದ ಹಾಗೆ ಮುಖ ಗಂಟಾಗುತ್ತದೆ. ಆ ಕಡೆಯ ಶಿರಾಜ್ ಒಂದನ್ನೇ ಕುಡಿದರೆ, ಸಿಹಿಯಾಗಿ ಮಾತಾಡಿಸಿ ಕಾಫಿಯನ್ನೂ ಕೊಡದೆ ಕಳಿಸಿದ ಹಾಗೆ. ಎರಡೂ ಸೇರಿದರೆ ಮಾತ್ರ ಮನುಷ್ಯರು ಕುಡಿಯುವ ಹಾಗಿರುತ್ತದೆ.

ನೋಡೋಕೆ ಬಂದವರಿಗೆ ಇಷ್ಟನ್ನೇ ಹೇಳಿದರೆ ಬಾಗಿಲಲ್ಲೇ ಮುಗಿದುಹೋಗುತ್ತಲ್ಲ. ಅದಕ್ಕೆ ನಾನು ಸ್ವಲ್ಪ ಕೈಯಿಂದ ಹಾಕುತ್ತಿದ್ದೆ. ಮಧುಗಿರಿ ಬೆಟ್ಟದ ಬಂಡೆ ಹಗಲೆಲ್ಲ ಕಾದು ಸಂಜೆ ಉಸಿರು ಬಿಡುತ್ತೆ, ಆ ಉಸಿರು ತಾಗಿದ ಸಾಲಿನ ಹಣ್ಣೇ ಬೇರೆ ಅಂತ ಒಂದು. ಶಿರಾಜ್ ಹುಟ್ಟಿದ್ದೇ ನಮ್ಮ ಶಿರಾದಲ್ಲಿ ಅಂತ ಇನ್ನೊಂದು. ಮೂಲೆಯ ಪೀಪಾಯಿ ಪಾಳೇಗಾರರ ಕಾಲದ್ದು, ಒಬ್ಬ ಅದರಲ್ಲಿ ಅವಿತು ಕೂತು ಅಲ್ಲೇ ಪ್ರಾಣ ಬಿಟ್ಟ ಅಂತ ಮತ್ತೊಂದು. ಒಬ್ಬ ಹೆಂಗಸು ಆ ಪೀಪಾಯಿಗೆ ಚಪ್ಪಲಿ ಬಿಟ್ಟು ಕೈ ಮುಗಿದರು.

ಒಂದು ಭಾನುವಾರ ದೊಡ್ಡ ಮನುಷ್ಯರೊಬ್ಬರು ಬಂದರು. ಗ್ಲಾಸನ್ನು ಗಿರಗಿರ ತಿರುಗಿಸಿ, ಮೂಗನ್ನು ಪೂರ್ತಿ ಒಳಗಿಟ್ಟು, ಕಣ್ಣು ಮುಚ್ಚಿಕೊಂಡರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.

"ಆಹಾ, ಹಳೇ ಚರ್ಮ," ಅಂದರು. "ಹೊಗೆಸೊಪ್ಪು. ಆಮೇಲೆ... ಒದ್ದೆ ಕಂಬಳಿ ಇದ್ದಂಗೆ ಏನೋ..."

ಟ್ಯಾಂಕಿನ ಹಿಂದಿನಿಂದ ನಮ್ಮ ಯಜಮಾನರ ದನಿ ಬಂತು. "ಸ್ವಾಮಿ, ಗ್ಲಾಸು ಹಂಗೇ ಹಿಡ್ಕಂಡು ಸ್ವಲ್ಪ ಈಚೆ ಬನ್ನಿ. ಅದು ವೈನಲ್ಲ. ನಮ್ಮ ಡ್ರೈವರು."

ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡರು. ಟವೆಲ್ ಕೆಂಪಾಯಿತು. ದೊಡ್ಡ ಮನುಷ್ಯರು ಬೆನ್ನು ತಟ್ಟಿ, "ನೋಡಿ, ವೈನ್ ಕುಡೀವಾಗ ಮಾತಾಡಬಾರ್ದು," ಅಂತ ಬುದ್ಧಿ ಹೇಳಿದರು.

ಯಜಮಾನರು ಅವತ್ತು ಬೆಳಗಿನಿಂದ ವೈನ್ ಮುಟ್ಟಿರಲಿಲ್ಲ.

2. ಹಿಂದೂಪುರದ ಸೇಠು

ಪಾವಗಡ ಕಡೆಯ ಶಿರಾಜ್ ತೋಟ ಯಜಮಾನರ ಒಡಹುಟ್ಟಿದ ಅಕ್ಕನದು. ಊರು ಕ್ಯಾತಗಾನಚೆರ್ಲು. ಅಕ್ಕ ತಮ್ಮ ಒಂದೇ ವರ್ಷ ಗಿಡ ನೆಟ್ಟವರು. ಅಕ್ಕನ ಹೊಲಕ್ಕೆ ಸಸಿ ಹೊತ್ತುಕೊಂಡು ಹೋಗಿ, ಗುಂಡಿ ತೋಡಿ, ನೀರು ಬಿಟ್ಟು ಬಂದವರು ಇದೇ ಯಜಮಾನರು. ಅಷ್ಟು ಅನ್ಯೋನ್ಯ.

ಅದು ಕೆಟ್ಟಿದ್ದು ಒಂದು ಕಾಗೆಯಿಂದ.

ನಮ್ಮ ಕಡೆ ಕಾರ್ಯದ ದಿನ ಸತ್ತವರಿಗೆ ಇಷ್ಟವಾದದ್ದೆಲ್ಲ ಎಲೆಗೆ ಬಡಿಸಿ ಮಾಳಿಗೆ ಮೇಲೆ ಎಡೆ ಇಡುತ್ತೇವೆ. ಕಾಗೆ ಬಂದು ಮುಟ್ಟಿದರೆ ಸತ್ತವರು ಒಪ್ಪಿದರು ಅಂತ. ಮುಟ್ಟುವವರೆಗೆ ಕೆಳಗೆ ಯಾರಿಗೂ ಊಟ ಇಲ್ಲ. ಇವರ ತಾಯಿ ತೀರಿಕೊಂಡಾಗ ಯಜಮಾನರು ಎಡೆಗೆ ವಡೆ, ಪಾಯಸದ ಜೊತೆ ತಾವು ಮಾಡಿದ ಮೊಟ್ಟಮೊದಲ ವೈನನ್ನೂ ಒಂದು ಲೋಟ ಇಟ್ಟರು. ಆ ತಾಯಿ ಜೀವಮಾನದಲ್ಲಿ ಮಜ್ಜಿಗೆಗಿಂತ ಗಟ್ಟಿಯಾದದ್ದು ಕುಡಿದವರಲ್ಲ. ಕಾಗೆ ಬಂತು, ವಡೆ ತಿಂತು, ಪಾಯಸ ಕುಕ್ಕಿತು, ಲೋಟದೊಳಕ್ಕೆ ಇಣುಕಿ ನೋಡಿ ಹಿಂದಕ್ಕೆ ನೆಗೆದು ಹಾರಿಹೋಯಿತು.

ಅಕ್ಕ ಎಲ್ಲ ನೆಂಟರ ಮುಂದೆ ಅಂದೇ ಬಿಟ್ಟರು: "ಹೆಂಗೈತೆ ನೋಡ್ರಪ್ಪ ನನ್ನ ತಮ್ಮನ ವೈನು. ಕಾಗೇನೂ ಮುಟ್ಟಲ್ಲ!"

ಅಷ್ಟೇ. ಅವತ್ತಿಗೆ ಮಾತು ನಿಂತಿತು. ತಮ್ಮ ಅಕ್ಕನ ಹೊಸ್ತಿಲು ತುಳಿಯಲಿಲ್ಲ, ಅಕ್ಕ ದೊಡ್ಡೇರಿ ಬಸ್ಸು ಹತ್ತಲಿಲ್ಲ. "ನನ್ನ ದ್ರಾಕ್ಷಿ ಹಂದಿಗೆ ಹಾಕಿದ್ರೂ ಅವನಿಗೆ ಕೊಡಲ್ಲ," ಅಂತ ಅಕ್ಕ ಹೇಳಿಕೊಂಡು ಓಡಾಡಿದರು.

ಆದರೆ ಕಾಗೆ ಹೇಳಿದ್ದು ಸರಿಯಾಗೇ ಇತ್ತು. ಆ ವೈನಿಗೆ ಶಿರಾಜ್ ಬೇಕಿತ್ತು. ಅದೂ ಆ ಮಣ್ಣಿನದೇ ಬೇಕಿತ್ತು. ಯಜಮಾನರು ನನ್ನನ್ನು ಕರೆದು, "ಯಾರ ಹೆಸರಾದ್ರೂ ಹೇಳಿ ತಗಂಬಾ," ಅಂದರು. ಸುಳ್ಳು ಹೇಳು ಅಂತ ಸಂಬಳ ಕೊಡುವ ಯಜಮಾನ ಎಲ್ಲಿ ಸಿಗ್ತಾನೆ? ನಾನು ಹಿಂದೂಪುರದಲ್ಲಿ ಒಬ್ಬ ಸೇಠನ್ನು ಹುಟ್ಟಿಸಿದೆ. ಚಿನ್ನದ ಹಲ್ಲು ಕಟ್ಟಿಸಿದೆ. ಸಕ್ಕರೆ ಕಾಯಿಲೆ ಕೊಟ್ಟೆ. ಅಕ್ಕಯ್ಯ ಪ್ರತಿ ಕೊಯ್ಲಿನಲ್ಲೂ ಸೇಠನ್ನು ವಿಚಾರಿಸೋರು; ಬರೀ ಚೆನ್ನಾಗಿದ್ದಾರೆ ಅನ್ನೋಕೆ ಬೇಜಾರಾಗಿ ಒಂದು ವರ್ಷ ಅವನ ಹೆಂಡತಿಯನ್ನು ಸಾಯಿಸಿದೆ. ಅಕ್ಕಯ್ಯ ಲೊಚಗುಟ್ಟಿದರು. ಮುಂದಿನ ವರ್ಷ ಸಾಯಿಸಿದ್ದೇ ಮರೆತುಹೋಯಿತು.

"ಸೇಠು ಹೆಂಡ್ತಿ ನಿಮ್ಮನ್ನ ತುಂಬ ಕೇಳಿದ್ರು ಅಕ್ಕಯ್ಯ," ಅಂದೆ.

"ಏಂ ರಾ, ಅವಳು ಹೋದ್ ವರ್ಷ ಸತ್ತೋಗಿದ್ಲಲ್ಲೋ?"

"ಇದು... ಎರಡನೇದು ಅಕ್ಕಯ್ಯ."

"ಓಹೋ," ಅಂತ ನನ್ನ ಮುಖವನ್ನೇ ನೋಡಿದರು. ಆ ಕಡೆಯ ಬಾಳಿನಿಂದ ಅವರ ಮಾತಿನಲ್ಲಿ ತೆಲುಗು ಸೇರಿಹೋಗಿತ್ತು. "ಇವಳಿಗಾದ್ರೂ ಹುಚ್ಚೆಳ್ಳು ಚಟ್ನಿಪುಡಿ ಮಾಡಾಕೆ ಬರ್ತದಾ?"

"ಎಲ್ಲಿ ಬರ್ತದೆ, ಅವರು ಆ ಕಡೆಯೋರು."

"ಪಾಪಂ," ಅಂತ ಒಳಗಿನಿಂದ ಒಂದು ಡಬ್ಬಿ ತುಂಬ ಪುಡಿ ತಂದು ಕೊಟ್ಟರು. ಹಿಂದೂಪುರದ ಸೇಠಿಗೆ ಹುಚ್ಚೆಳ್ಳು ಪುಡಿ ಯಾಕೆ ಅಂತ ನನಗೆ ಆಗ ಹೊಳೆಯಲೇ ಇಲ್ಲ. ಊರಿಗೆಲ್ಲ ಟೋಪಿ ಹಾಕುವವನಿಗೆ ತನ್ನ ತಲೆ ಮೇಲೆ ಏನಿದೆ ಅಂತ ಕಾಣೋದಿಲ್ಲ.

ಯಜಮಾನರು ಬಿಸಿ ಮುದ್ದೆಗೆ ಆ ಪುಡಿ, ತುಪ್ಪ ಹಾಕಿಕೊಂಡು ತಲೆ ಎತ್ತದೆ ಉಂಡರು. "ಸೇಠುಗೆ ತುಂಬ ಹಿಡಿಸ್ತು ಅಂತ ಹೇಳ್ಲಾ?" ಅಂತ ಕೇಳಿದೆ.

"ಬ್ಯಾಡ. ಉಪ್ಪು ಕಮ್ಮಿ ಆಯ್ತು ಅಂತ ಹೇಳು," ಅಂದರು. "ಹೊಗಳಿದ್ರೆ ಅನುಮಾನ ಬರ್ತದೆ."

3. ಅಳತೆ

ಟವೆಲ್ ಕೆಂಪಾದ ಮೇಲೆ ತುಮಕೂರಿಗೆ ಹೋದೆವು, ಅಲ್ಲಿಂದ ಬೆಂಗಳೂರಿಗೆ. ಗಂಟಲಲ್ಲಿ ಕ್ಯಾನ್ಸರು. ಡಾಕ್ಟರು ನೆಲ ನೋಡಿಕೊಂಡು ಮಾತಾಡಿದರು. ವ್ಯಾನಿನಲ್ಲಿ ವಾಪಸ್ ಬರುವಾಗ ಕೊರಟಗೆರೆ ದಾಟಿದ ಮೇಲೆ ಯಜಮಾನರು, "ಆ ಡಾಕ್ಟರ ಚಪ್ಪಲಿ ಹೊಸದು ಅಲ್ವಾ? ಬಿಡದೆ ಅದನ್ನೇ ನೋಡ್ತಿದ್ದ," ಅಂದರು.

ರೇಡಿಯೇಶನ್ ಅಂತ ಗಂಟಲಿಗೆ ಕರೆಂಟು ಕೊಟ್ಟರು, ಔಷಧಿ ಕೊಟ್ಟರು. ಮನುಷ್ಯ ಮೆಲ್ಲಮೆಲ್ಲಗೆ ಒಣಗಿದ.

ಶಿರಾದಿಂದ ಬಡಗಿ ಸಾಬ್ರು ಪೀಪಾಯಿ ರಿಪೇರಿಗೆ ಬಂದಿದ್ದರು. ಅವರ ಅಪ್ಪ ಎತ್ತಿನ ಗಾಡಿಯ ಚಕ್ರ ಮಾಡುತ್ತಿದ್ದವರು. ಕಬ್ಬಿಣದ ಪಟ್ಟಿ ಕಾಯಿಸಿ ಮರಕ್ಕೆ ತೊಡಿಸೋದು ಮನೆತನದ ವಿದ್ಯೆ. ಯಜಮಾನರು ಕುರ್ಚಿ ಹಾಕಿಸಿಕೊಂಡು ಅವರ ಎದುರಿಗೆ ಕೂತರು.

"ಸಾಬ್ರೇ, ಟೇಪು ಹೆಂಗೂ ಕೈಲೈತೆ. ನಂದೂ ಒಂದ್ಸಲಿ ಅಳತೆ ತಗಂಬುಡಿ."

ಸಾಬ್ರ ಕೈ ನಿಂತಿತು. "ತೌಬಾ ತೌಬಾ! ಏನ್ ಮಾತಾಡ್ತೀರಾ ಯಜಮಾನ್ರೇ. ನಿಮ್ಮಲ್ಲಿ ಪೆಟ್ಟಿಗೆ ಎಲ್ಲೈತೆ? ಬಿದಿರಿನ ಚಟ್ಟ ತಾನೆ?"

"ಪೆಟ್ಟಿಗೆ ಅಲ್ಲ, ಪೀಪಾಯಿ. ಮಣ್ಣಿಗೆ ಹಾಕಿದ್ರೆ ಕೆಡ್ತೀನಿ. ವೈನಲ್ಲಿ ಹಾಕಿದ್ರೆ ಬೆಲೆ ಏರ್ತದೆ."

ಸಾಬ್ರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ಮೆಲ್ಲಗೆ ಎದ್ದು ಬಂದು, ನಿಜವಾಗಲೂ ಯಜಮಾನರ ಹೆಗಲಿಂದ ಹೆಗಲಿಗೆ ಟೇಪು ಹಿಡಿದು, ತಲೆ ಅಲ್ಲಾಡಿಸಿದರು.

"ಆಗಲ್ಲ ಯಜಮಾನ್ರೇ. ಈಗಿರೋ ನಿಮ್ಮ ಗಾತ್ರಕ್ಕೆ ಅರ್ಧ ಪೀಪಾಯಿ ಖಾಲಿ ಉಳೀತದೆ. ಖಾಲಿ ಜಾಗ ಬಿಟ್ರೆ ವೈನು ಹುಳಿ ಆಗ್ತದೆ ಅಂತ ನೀವೇ ನಂಗೆ ಹೇಳಿದ್ದು."

"ಉಳಿದ ಜಾಗಕ್ಕೆ ನಮ್ಮ ಡ್ರೈವರನ್ನ ತುಂಬಿ."

ಸಾಬ್ರು ನನ್ನನ್ನು ಮೇಲಿಂದ ಕೆಳಗೆ ಅಳೆದರು. "ಇವನನ್ನ ಹಾಕಿದ್ರೆ ಗ್ಯಾರಂಟಿ ಹುಳಿ. ಅದಕ್ಕಿಂತ ಖಾಲಿ ಬಿಡೋದೇ ವಾಸಿ."

4. ಬಾಡಿಗೆ ನಾಲಿಗೆ

ಯಜಮಾನರಿಗೆ ಒಬ್ಬಳೇ ಮಗಳು. ವೈನ್ ಮಾಡೋದನ್ನೇ ಓದಿ ಬಂದು ಅಪ್ಪನ ಜೊತೆ ನಿಂತವಳು. ಆ ವರ್ಷದ ವೈನನ್ನು ಬೆರೆಸುವ ಹೊತ್ತು ಬಂತು. ಯಾವುದು ಎಷ್ಟು ಅಂತ ಪ್ರತಿ ವರ್ಷ ತೀರ್ಮಾನ ಮಾಡುತ್ತಿದ್ದದ್ದು ಯಜಮಾನರ ನಾಲಿಗೆ. ಈಗ ಆ ನಾಲಿಗೆ ಸುಟ್ಟುಹೋಗಿತ್ತು. ನೀರೂ ರುಚಿಯಿಲ್ಲ, ಹಾಲೂ ರುಚಿಯಿಲ್ಲ, ನುಂಗೋದೇ ಒಂದು ಯುದ್ಧ.

ಮಗಳು ಗಾಜಿನ ಲೋಟಗಳನ್ನು ಸಾಲಾಗಿ ಜೋಡಿಸಿದಳು. ಒಂದೊಂದರಲ್ಲೂ ಬೇರೆ ಬೇರೆ ಹದದ ಬೆರಕೆ. "ನಾನೇ ನೋಡ್ತೀನಿ ಬಿಡಪ್ಪ," ಅಂದಳು.

"ನೀನು ಬ್ಯಾಡ. ನೀನು ನಂಗೆ ಬೇಜಾರಾಗ್ತದೆ ಅಂತ ಎಲ್ಲ ಚೆನ್ನಾಗೈತೆ ಅಂತೀಯ." ನನ್ನ ಕಡೆ ಬೆರಳು ತೋರಿಸಿದರು. "ಇವನು ಕುಡೀಲಿ."

ಮಗಳು ಗಾಬರಿಯಾದಳು. "ಅಣ್ಣನಾ? ಅಣ್ಣ ಒಂದು ನಿಜ ಹೇಳಿದ್ದು ನೀನು ನೋಡಿದ್ದೀಯಾ?"

"ಬಾಯಿ ಸುಳ್ಳು ಹೇಳ್ತದೆ ಕಣಮ್ಮ. ಮುಖ ಹೇಳಲ್ಲ. ಲೇ, ಮಾತಾಡ್ಬ್ಯಾಡ. ಕುಡಿ, ಮುಖ ತೋರ್ಸು."

ಕುಡಿದೆ. ಮೊದಲನೆಯದು ಚೆನ್ನಾಗಿತ್ತು, ಬೇಕಂತಲೇ ಮುಖ ಹಿಂಡಿದೆ. ಎರಡನೆಯದು ಒಗರು, ಸ್ವರ್ಗ ಕಂಡವನ ಹಾಗೆ ಕಣ್ಣು ಮುಚ್ಚಿದೆ. ಯಜಮಾನರು ಕುರ್ಚಿಯಿಂದ ಮುಂದಕ್ಕೆ ಬಗ್ಗಿ ನನ್ನ ಮುಖವನ್ನು ಬೆಳೆ ನೋಡುವ ಹಾಗೆ ನೋಡಿದರು. ಹೀಗೆ ಸಾಲು ಮುಗಿಯಿತು. ಕೊನೆಯ ಲೋಟ ಕುಡಿದಾಗ ನನಗೆ ಯಾವ ಮುಖ ಮಾಡಬೇಕು ಅನ್ನೋದೇ ಮರೆತುಹೋಯಿತು. ಸುಮ್ಮನೆ ನಿಂತೆ. ನುಂಗಿದ ಮೇಲೂ ಆ ರುಚಿ ಬಾಯಿ ಬಿಟ್ಟು ಹೋಗಲಿಲ್ಲ.

"ಇದೇ," ಅಂದರು ಯಜಮಾನರು. "ಇದನ್ನೇ ಮಾಡಮ್ಮ."

ಮಗಳು ತಾನೂ ಒಂದು ಗುಟುಕು ಕುಡಿದು ಅಪ್ಪನ ಕಡೆ ನೋಡಿದಳು. ಅದರಲ್ಲಿ ಅಕ್ಕನ ದ್ರಾಕ್ಷಿಯೇ ಹೆಚ್ಚಿತ್ತು. "ಅಪ್ಪಾ, ಅತ್ತೆ ಹಣ್ಣಿಲ್ಲದೆ ನಮ್ಮ ವೈನೇ ಇಲ್ಲ," ಅಂದಳು.

"ಗೊತ್ತು. ಕಾಗೆಗೂ ಗೊತ್ತಿತ್ತು."

ಆಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಲೇ, ನಿನ್ನ ಮುಖದಲ್ಲಿ ಇಷ್ಟು ವರ್ಷಕ್ಕೆ ಇವತ್ತೊಂದು ನಿಜ ಕಾಣಿಸ್ತಲ್ಲಲೇ. ಮೈ ಹುಷಾರಾಗೈತೇನ್ಲಾ?"

5. ಸಾಯಲಿರುವ ಸೇಠು

ಆಗಲೇ ಆ ಸುದ್ದಿ ಬಂದದ್ದು. ಕ್ಯಾತಗಾನಚೆರ್ಲು ಸುತ್ತ ಹೊಲಗಳೆಲ್ಲ ಸೋಲಾರಿಗೆ ಗುತ್ತಿಗೆ ಹೋಗಿದ್ದವು. ಎಲ್ಲಿ ನೋಡಿದರೂ ನೀಲಿ ಪ್ಯಾನೆಲ್ಲು, ನಡುವೆ ಅಕ್ಕಯ್ಯನ ತೋಟವೊಂದೇ ಹಸಿರು ತೇಪೆ. ಈಗ ಅವರ ಮಗನೂ ಹಠ ಹಿಡಿದಿದ್ದ. ಮುಂದಿನ ಕೊಯ್ಲು ಆದ ತಕ್ಷಣ ಗಿಡ ಕಿತ್ತು ಹೊಲ ಕೊಡೋದು ಅಂತ ಮಾತಾಗಿತ್ತು.

ಯಜಮಾನರು ಇದನ್ನು ಕೇಳಿ ನನ್ನನ್ನು ಹತ್ತಿರ ಕರೆದರು. ಮಾತಾಡೋದೂ ಕಷ್ಟ ಆಗಿತ್ತು. "ಹೋಗಿ ಹೇಳು," ಅಂದರು. "ಗಿಡ ಕೀಳಿಸ್ಬ್ಯಾಡ ಅಂತ."

"ನೀವು ಹೇಳಿದ್ರಿ ಅಂತ ಹೇಳ್ಲಾ?"

ಒಂದು ಕ್ಷಣ ಹೇಳು ಅಂದೇ ಬಿಡುತ್ತಾರೆ ಅಂದುಕೊಂಡೆ. ತುಟಿ ಅಲುಗಿತು. ಆಮೇಲೆ, "ಸೇಠು ಹೇಳ್ದ ಅಂತ ಹೇಳು," ಅಂದರು.

ಹೋದೆ. ಅಕ್ಕಯ್ಯ ಜಗಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು.

"ಅಕ್ಕಯ್ಯ, ನಮ್ಮ ಸೇಠುಗೆ ಹುಷಾರಿಲ್ಲ."

"ಸಕ್ಕರೆ ಜಾಸ್ತಿ ಆಯ್ತಾ?"

"ಇಲ್ಲ. ಗಂಟಲು."

ಅವರ ಕೈ ನಿಂತಿತು. "ಗಂಟಲಿಗೆ ಏನು?"

ಹೇಳಿದೆ. ಎಷ್ಟೋ ಸುಳ್ಳನ್ನು ನೀರು ಕುಡಿದ ಹಾಗೆ ಹೇಳಿದವನು, ಅವತ್ತು ಬರೀ ನಿಜ ಹೇಳೋಕೆ ತೊದಲಿದೆ. ನುಂಗೋಕಾಗಲ್ಲ ಅಂದೆ. ಮೂಳೆ ಕಾಣ್ತದೆ ಅಂದೆ. ಗಿಡ ಮಾತ್ರ ಕೀಳಿಸಬೇಡಿ ಅಂತ ಕೇಳಿಕೊಂಡರು ಅಂದೆ.

ಅಕ್ಕಯ್ಯ ಹುಣಸೆ ಬೀಜವೊಂದನ್ನು ದೂರಕ್ಕೆ ಎಸೆದರು. "ಸಾಯೋನಿಗೆ ಗಿಡ ಯಾಕಂತೆ? ಬಾಯಿ ಬಿಟ್ಟು ಒಂದು ಮಾತು ಕೇಳಾಕಾಗ್ದೋನು, ಆ ಸೇಠು, ದ್ರಾಕ್ಷಿ ಕಟ್ಕಂಡು ಏನ್ ಮಾಡ್ತಾನಂತೆ? ಪೋ ರಾ, ನನ್ನ ಮಗ ಮಾತು ಕೊಟ್ಟಾಯ್ತು."

ಎದ್ದು ಒಳಗೆ ಹೋದರು. ಬೈದು ಕಳಿಸಿದರು ಅಂತ ನಾನು ವ್ಯಾನ್ ಹತ್ತುವಾಗ ಮತ್ತೆ ಬಂದು ಒಂದು ಗಂಟು ಕೊಟ್ಟರು. ತೆಳು ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಿದ ರಾಗಿ ಹಿಟ್ಟು, ಮುಟ್ಟಿದರೆ ಪೌಡರಿನಂತಿತ್ತು. "ಗಂಜಿ ಮಾಡಿದ್ರೆ ಇಳೀತದೆ. ಗಂಟು ಕಟ್ಟದಂಗೆ ತಿರುವಾಕೆ ಹೇಳು. ಆ ಎರಡನೇ ಹೆಂಡ್ತಿಗೆ."

ಯಜಮಾನರು ಸಾಯೋವರೆಗೂ ಕುಡಿದದ್ದು ಆ ಗಂಜಿಯನ್ನೇ. ಕೊಯ್ಲು ಮುಗಿದಿತ್ತು, ಗಿಡ ಇನ್ನೂ ಕಿತ್ತಿರಲಿಲ್ಲ. ಅಕ್ಕಯ್ಯನ ತೋಟದ ಶಿರಾಜ್ ಟ್ಯಾಂಕಿನಲ್ಲಿ ವೈನಾಗಲು ಕುದಿಯುತ್ತಿತ್ತು. ಒಂದು ಬೆಳಿಗ್ಗೆ ಗಂಜಿಯ ಲೋಟ ಹಾಗೇ ಉಳಿಯಿತು.

ಅಕ್ಕಯ್ಯನಿಗೆ ಫೋನ್ ಮಾಡಬೇಕಾದವನು ನಾನೇ. ಏನು ಹೇಳೋದು? ಬಾಯಿಗೆ ಬಂದದ್ದು ಹಳೇ ಅಭ್ಯಾಸ. "ಅಕ್ಕಯ್ಯ," ಅಂದೆ, "ಸೇಠು ಹೋದ್ರು."

ಆ ಕಡೆಯಿಂದ ಅಕ್ಕಯ್ಯ, "ಮಣ್ಣು ಎಷ್ಟೊತ್ತಿಗೆ?" ಅಂತ ಕೇಳಿ ಫೋನ್ ಇಟ್ಟರು.

ಹಿಂದೂಪುರದ ಸೇಠನ್ನು ನೋಡೋಕೆ ಹೊರಟ ಅಕ್ಕಯ್ಯ ನೇರ ದೊಡ್ಡೇರಿಗೆ ಬಂದು ಇಳಿದರು. ಹೆಣದ ಮುಂದೆ ಕೂತು, ಕೆನ್ನೆ ಸವರಿ, ಮಧ್ಯೆ ಒಂದು ಸಲ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಎಲ್ಲೋ ಅವನ ಚಿನ್ನದ ಹಲ್ಲು?"

6. ಎಡೆ

ಕಾರ್ಯದ ದಿನ ಮಾಳಿಗೆ ಮೇಲೆ ದೊಡ್ಡ ಎಲೆ ಹಾಸಿದ್ದರು. ಮುದ್ದೆ, ಮಟನ್ ಸಾರು, ವಡೆ, ಹುಚ್ಚೆಳ್ಳು ಪುಡಿ. ಪಕ್ಕದಲ್ಲಿ ಒಂದು ಲೋಟ ವೈನು, ನನ್ನ ಮುಖ ನೋಡಿ ಆರಿಸಿದ ಆ ಕೊನೆಯ ಬೆರಕೆ.

ಕಾಗೆ ಬರಲೇ ಇಲ್ಲ. ಬಿಸಿಲು ನೆತ್ತಿಗೆ ಬಂತು. ಕೆಳಗೆ ಸಾರಿನ ವಾಸನೆ, ಮೇಲೆ ಹಸಿದ ನೆಂಟರು. ಸತ್ತವರಿಗೆ ಏನೋ ಆಸೆ ಉಳಿದಿದ್ದರೆ ಕಾಗೆ ಬರೋದಿಲ್ಲ ಅಂತ ನಂಬಿಕೆ. ಅದಕ್ಕೆ ಒಬ್ಬೊಬ್ಬರೇ ಬಂದು ಆಕಾಶಕ್ಕೆ ಮಾತು ಕೊಡೋದು ಶುರುವಾಯಿತು. ಯಜಮಾನರ ಭಾವಮೈದ, ಕೊರಟಗೆರೆಯವರು, ಹಸಿವು ತಡೆಯದ ಮನುಷ್ಯ. ಮೊದಲು, "ಭಾವಾ, ನಿನ್ನ ಮಗಳನ್ನ ಚೆನ್ನಾಗಿ ನೋಡ್ಕಂತೀವಿ, ಬಾ," ಅಂದರು. ಕಾಗೆ ಇಲ್ಲ. "ಫ್ಯಾಕ್ಟರಿ ಮುಚ್ಚಲ್ಲ, ಬಾ." ಇಲ್ಲ. "ನಿನ್ನ ಸ್ಕೂಟ್ರು ನಾನೇ ಇಟ್ಕಂಡಿದ್ದು, ನಾಳೆನೇ ತಂದ್ಕೊಡ್ತೀನಿ, ಬಾರೋ ಮಾರಾಯ!"

ಸ್ಕೂಟರು ಎಲ್ಲಿ ಹೋಯಿತು ಅಂತ ಮನೆಯವರಿಗೆ ಅವತ್ತೇ ಗೊತ್ತಾದದ್ದು. ಅದಕ್ಕೂ ಕಾಗೆ ಬರಲಿಲ್ಲ.

ಎಲ್ಲರೂ ಅಕ್ಕಯ್ಯನ ಕಡೆ ನೋಡಿದರು. ಗಿಡ ಕೀಳಿಸಲ್ಲ ಅಂತ ಒಂದು ಮಾತು ಎಡೆ ಮುಂದೆ ಅಂದರೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಅವರ ಮಗ ಅಲ್ಲೇ ಇದ್ದ, ಅಮ್ಮನ ಸೆರಗು ಎಳೆಯುತ್ತಿದ್ದ. ಅಕ್ಕಯ್ಯ ಎಲೆಯ ಹತ್ತಿರ ಹೋಗಿ ಹುಚ್ಚೆಳ್ಳು ಪುಡಿ ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡು, "ಉಪ್ಪು ಕಮ್ಮಿ," ಅಂತ ಚಿಟಿಕೆ ಉಪ್ಪು ತರಿಸಿ ಉದುರಿಸಿದರು.

ಹಿಂದೆ ಸರಿಯುತ್ತಲೇ ಕಾಗೆ ಬಂತು. ಎಲ್ಲಿಂದ ಬಂತೋ. ನೇರ ಹುಚ್ಚೆಳ್ಳು ಪುಡಿಗೆ ಬಾಯಿ ಹಾಕಿತು. ಮಟನ್ ತಿಂತು. ಲೋಟದ ಹತ್ತಿರ ಬಂದು ಕತ್ತು ಓರೆ ಮಾಡಿ ಒಳಗೆ ನೋಡಿತು. ಹಿಂದಕ್ಕೆ ನೆಗೆದು ಹಾರಿಹೋಯಿತು.

ಮಗಳು ಅಳೋಕೆ ಶುರು ಮಾಡಿದಳು. ಅಕ್ಕಯ್ಯ ಸೊಂಟಕ್ಕೆ ಕೈ ಕೊಟ್ಟು ಆಕಾಶ ನೋಡಿದರು.

"ನೋಡಿದ್ಯಾ? ಅವತ್ತೇ ಹೇಳಿರ್ಲಿಲ್ವಾ, ನಿನ್ನ ವೈನು ಕಾಗೇನೂ ಮುಟ್ಟಲ್ಲ ಅಂತ! ಮಾತು ಬಿಟ್ಟೆಯಲ್ಲ ಅದಕ್ಕೆ, ಮುಟ್ಟಿಸು ನೋಡಾನ. ಲೇ ತಮ್ಮಾ, ಕೇಳು. ಕಾಗೆ ನಿನ್ನ ವೈನು ಮುಟ್ಟೋವರ್ಗೂ ನನ್ನ ಗಿಡ ಒಂದನ್ನೂ ಕೀಳಿಸಲ್ಲ. ವರ್ಷ ವರ್ಷ ಎಡೆ ಇಡ್ಸು, ವರ್ಷ ವರ್ಷ ಬಂದು ನೋಡ್ತೀನಿ. ಮುಟ್ಟಿದ ದಿನ ನೀನು ಗೆದ್ದೆ, ನಾನು ಸೋತೆ, ಜಗಳ ಮುಗೀತು, ಮಾರನೇ ದಿನವೇ ಗಿಡ ಕಿತ್ತು ಹೊಲ ಕೊಟ್ಬುಡ್ತೀನಿ."

ಮಗ, "ಅಮ್ಮಾ!" ಅಂದ.

"ನೀನು ಸುಮ್ಕಿರು. ಇದು ದೊಡ್ಡೋರ ಜಗಳ."

ಕೊರಟಗೆರೆಯವರು ಮಾತ್ರ ಬೇಜಾರಿನಲ್ಲಿದ್ದರು. ಕಾಗೆ ಬಂದದ್ದು ಉಪ್ಪಿಗೆ. ಸ್ಕೂಟರು ಸುಮ್ಮಸುಮ್ಮನೆ ಹೋಯಿತು.

7. ಕವಣೆ

ಹೀಗಾಗಿ ಮಹಾಲಯ ಅಮಾವಾಸ್ಯೆಗೆ ನಮ್ಮ ತಾಲ್ಲೂಕಿನ ಎಲ್ಲ ಮಾಳಿಗೆಗಳ ಮೇಲೂ ಜನ ಕಾ ಕಾ ಅಂತ ಕಾಗೆ ಕರೆಯುವಾಗ, ನಾನೊಬ್ಬ ನೀರಿನ ಟ್ಯಾಂಕಿನ ಹಿಂದೆ ಅವಿತು ಕಾಗೆ ಓಡಿಸಲು ಕೂತಿರುತ್ತೇನೆ. ಎಲೆ ಮುಟ್ಟಬೇಕು, ಲೋಟ ಮುಟ್ಟಬಾರದು. "ಅಣ್ಣಾ, ನಿನ್ನ ಕೈಲೈತೆ," ಅಂತ ಯಜಮಾನರ ಮಗಳು ಹೇಳಿ, ತೋಟದಲ್ಲಿ ಹಕ್ಕಿ ಓಡಿಸುವ ಕವಣೆಯನ್ನು ಕೈಗೆ ಕೊಟ್ಟಿದ್ದಾಳೆ. ಯಜಮಾನರು ಜೀವಮಾನವೆಲ್ಲ ತಮ್ಮ ವೈನು ಕಾಗೆ ಮುಟ್ಟಲಿ ಅಂತ ಒದ್ದಾಡಿದರು. ಅವರ ಅನ್ನ ಉಂಡ ನಾನು ಮುಟ್ಟದ ಹಾಗೆ ಕಾಯುತ್ತೇನೆ.

ಹೋದ ವರ್ಷ ಕಷ್ಟವಾಗಲಿಲ್ಲ. ಈ ವರ್ಷ ಬಂದ ಕಾಗೆ ಬೇರೆ ಥರದ್ದು. ಕತ್ತಿನ ಮೇಲೆ ಬೂದಿ ಬಣ್ಣ, ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಎಲೆಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಲೋಟದ ಕಡೆ ನಡೆದು ಬಂತು. ಕವಣೆ ಬೀಸಿದೆ. ಕಲ್ಲು ಪಕ್ಕದ ಮನೆಯ ಟ್ಯಾಂಕಿಗೆ ಬಡಿದು ಢಬ್ ಅಂತು. ಸುತ್ತಲ ಕಾಗೆಗಳೆಲ್ಲ ಎದ್ದವು, ಇದೊಂದು ಕದಲಲಿಲ್ಲ. ಹಠ ನೋಡಿದರೆ ಯಜಮಾನರೇ. ಇನ್ನೊಂದು ಕಲ್ಲು ಹುಡುಕುವಷ್ಟರಲ್ಲಿ ಅದು ಲೋಟದ ಅಂಚಿಗೆ ಹಾರಿ, ಕೊಕ್ಕು ಒಳಗೆ ಇಳಿಸಿಬಿಟ್ಟಿತು.

ನನ್ನ ಕಣ್ಣ ಮುಂದೆ ಆ ಹಸಿರು ತೇಪೆಯ ಮೇಲೆಲ್ಲ ನೀಲಿ ಪ್ಯಾನೆಲ್ಲುಗಳು ಎದ್ದು ನಿಂತವು. ಯಜಮಾನರ ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಮುಟ್ತು!" ಕೊರಟಗೆರೆಯವರು ಕುಣಿದಾಡಿದರು. "ಮುಟ್ತು ಮುಟ್ತು, ನಾನೇ ನೋಡ್ದೆ. ಎಲೆ ಹಾಕ್ರಪ್ಪ!"

"ಅಮ್ಮಾ, ಮುಟ್ತಂತೆ," ಅಂದ ಅಕ್ಕಯ್ಯನ ಮಗ, ಫೋನ್ ಹೊರಗೆ ತೆಗೆಯುತ್ತಾ.

ಆಗ ಕಾಗೆ ತಲೆ ಎತ್ತಿತು. ಒಂದು ಕ್ಷಣ ಕಲ್ಲಿನ ಹಾಗೆ ನಿಂತಿತು. ಆಮೇಲೆ ತಲೆಯನ್ನು ಫಡಫಡ ಒದರಿ, ಕೊಕ್ಕನ್ನು ಗೋಡೆಗೆ ಆ ಕಡೆ ಈ ಕಡೆ ತಿಕ್ಕಿ, ಕಾಗೆಯ ಬಾಯಲ್ಲಿ ನಾನೆಂದೂ ಕೇಳಿರದ ಒಂದು ಶಬ್ದ ಮಾಡಿ, ಎಲೆಯಿಂದ ಒಂದು ವಡೆ ಕಚ್ಚಿಕೊಂಡು ಮಧುಗಿರಿ ಬೆಟ್ಟದ ಕಡೆ ಓಟ ಕಿತ್ತಿತು.

ಎಲ್ಲರೂ ಅಕ್ಕಯ್ಯನ ಕಡೆ ತಿರುಗಿದರು.

"ಮುಟ್ಲಿಲ್ಲ," ಅಂದರು ಅಕ್ಕಯ್ಯ. "ಉಗೀತು. ಕಾಗೆ ಉಗಿದಿದ್ದನ್ನ ನಿಮ್ಮೂರಲ್ಲಿ ಮುಟ್ಟಿದ್ದು ಅಂತಾರಾ?"

ಕೊರಟಗೆರೆಯವರು ಸಾರಿನ ಪಾತ್ರೆ ನೋಡಿದರು, ಅಕ್ಕಯ್ಯನ ಮುಖ ನೋಡಿದರು. "ಇಲ್ಲ ಬುಡಮ್ಮ. ಉಗೀತು. ನಾನೇ ನೋಡ್ದೆ, ಕಣ್ಣಾರೆ. ಎಲೆ ಹಾಕ್ರೋ!"

ಮಗ ಫೋನ್ ಜೇಬಿಗೆ ಹಾಕಿಕೊಂಡ. ಇನ್ನೊಂದು ವರ್ಷ ಗಿಡ ಉಳಿಯಿತು.

ಎಡೆಯಲ್ಲಿ ಉಳಿದದ್ದನ್ನು ಚೆಲ್ಲಬಾರದು, ಮನೆಯವರೇ ತಿನ್ನಬೇಕು. ವೈನಿನ ಲೋಟ ನನ್ನ ಪಾಲು. ಗಂಟಲು ಒಣಗಿತ್ತು. ಯಜಮಾನರನ್ನು ನೆನೆದು ಒಂದೇ ಗುಟುಕಿಗೆ ಎತ್ತಿದೆ.

ಬೆಂಕಿ. ನಾಲಿಗೆಯಿಂದ ಹೊಟ್ಟೆಯವರೆಗೆ ಬೆಂಕಿ. ಕಿವಿಯಲ್ಲಿ ಹೊಗೆ. ಲೋಟ ಬಗ್ಗಿಸಿ ನೋಡಿದರೆ ತಳದಲ್ಲಿ ಬೆರಳ ದಪ್ಪ ಕೂತಿತ್ತು, ಅಚ್ಚ ಕೆಂಪು ಮೆಣಸಿನಪುಡಿ. ಆಣೆ ಮಾಡಿ ಹೇಳುತ್ತೇನೆ, ಅದನ್ನು ಹಾಕಿದವನು ನಾನಲ್ಲ. ಹೊಳೆದಿದ್ದರೆ ಖಂಡಿತ ಹಾಕುತ್ತಿದ್ದೆ.

ಅಕ್ಕಯ್ಯ ನಲ್ಲಿಯ ಹತ್ತಿರ ನಿಧಾನವಾಗಿ ಬೆರಳು ತೊಳೆಯುತ್ತಿದ್ದರು. ನೀರು ಕೆಂಪಗೆ ಹರಿಯುತ್ತಿತ್ತು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತರು.

"ಏಂ ರಾ ಸೇಠು, ಕಣ್ಣಲ್ಲಿ ನೀರು? ನನ್ನ ತಮ್ಮ ಜ್ಞಾಪಕಕ್ಕೆ ಬಂದ್ನಾ?"

"ಹ್ಞೂಂ ಅಕ್ಕಯ್ಯ," ಅಂದೆ, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಾ. "ತುಂಬಾನೇ ಬಂದ್ರು."

ಅವರ ಕಣ್ಣಲ್ಲೂ ಇತ್ತು. ಅದನ್ನು ಒರೆಸಿಕೊಳ್ಳದೆ ಲೋಟದೊಳಗೆ ಇಣುಕಿ ಕೇಳಿದರು:

"ಸರಿಯಾಗೈತಾ? ಇಲ್ಲ, ಉಪ್ಪು ಕಮ್ಮಿ ಅಂತೀಯಾ?"